ಮುದ್ದೆ ಇಳೀತಿಲ್ಲ, ಜೆಲ್ ಅಂಟ್ತಿದೆ

ಪ್ರಶ್ನೆ: ನಮ್ಮತ್ತೆಗೆ 72 ವರ್ಷ. ಹುಟ್ಟಿದಾಗಿಂದ ಮುದ್ದೆ ತಿಂದೋರು, ಈಗ ಆರು ತಿಂಗಳಿಂದ ತುತ್ತು ಅಂಗುಳಕ್ಕೆ ಅಂಟ್ಕೊಳ್ಳುತ್ತೆ, ಇಳಿಯಲ್ಲ ಅಂತಾರೆ. ನೀರು ಕುಡಿದ್ರೂ ಎರಡು ನಿಮಿಷಕ್ಕೆ ಬಾಯಿ ಮತ್ತೆ ಒಣಗುತ್ತೆ. ಡೆಂಟಿಸ್ಟು ಬಾಯಿಗೆ ಸವರೋ ಜೆಲ್ ಕೊಟ್ಟಿದ್ರು, ಸ್ವಲ್ಪ ಹೊತ್ತು ಚೆನ್ನಾಗಿರುತ್ತೆ, ಆಮೇಲೆ ಅಂಟಂಟು. ನನ್ನ ಮಗ ಯಾವ್ದೋ ಮೈಕ್ರೋಜೆಲ್ ಎಂಜಲು ಕಂಡುಹಿಡಿದವ್ರಂತೆ ಅಂದ, ಏನ್ ಸಾರ್ ಅದು?
– ಓದುಗರೊಬ್ಬರು, ಮಳವಳ್ಳಿ

ಉತ್ತರ: ಮುದ್ದೆ ಅಗಿಯೋದಲ್ಲ ತಾಯಿ, ಜಾರಿಸೋದು, ಅದು ನಿಮಗೆ ಹೇಳ್ಕೊಡ್ಬೇಕಾ! ತುತ್ತು ಮುರಿದು ಬಸ್ಸಾರಲ್ಲಿ ಹೊರಳಿಸಿ ಬಾಯಿಗೆ ಹಾಕಿದ್ರೆ ಅರ್ಧ ಜಾರೋದು ಸಾರಿಂದ, ಇನ್ನರ್ಧ ಎಂಜಲಿಂದ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಎಂಜಲು ಊರುತ್ತೆ ನಮಗೆ, ಅದರಲ್ಲಿ 99 ಭಾಗ ನೀರೇ. ಹಂಗಂದ್ರೆ ನೀರು ಕುಡಿದ್ರೆ ಸಾಕಲ್ವಾ ಅಂದ್ರೆ ಸಾಲಲ್ಲ, ಯಾಕಂದ್ರೆ ನಾಲಿಗೆ ಅಂಗುಳಕ್ಕೆ ಒತ್ತಿದ ತಕ್ಷಣ ಬರೀ ನೀರು ಪಕ್ಕಕ್ಕೆ ಹೊರಟೋಗುತ್ತೆ, ಎಂಜಲಲ್ಲಿರೋ ಮ್ಯೂಸಿನ್ ಅನ್ನೋ ಲೋಳೆ ಪ್ರೋಟೀನು ಚರ್ಮಕ್ಕೆ ಕಚ್ಕೊಂಡು ನೀರನ್ನ ಅಲ್ಲೇ ಹಿಡ್ಕೊಳ್ಳುತ್ತೆ.

ನಿಮ್ಮ ಮಗ ಹೇಳಿದ್ದು ಇಂಗ್ಲೆಂಡಿನ ಲೀಡ್ಸ್ ಯೂನಿವರ್ಸಿಟಿಯೋರು 2023ರಲ್ಲಿ ಪ್ರಕಟಿಸಿದ ಕೆಲಸ ಇರ್ಬೇಕು. ಅದನ್ನ ಅರ್ಥ ಮಾಡ್ಕೊಳ್ಳೋಕೆ ಒಂದು ಚಮಚ ಕಾಮಕಸ್ತೂರಿ ಬೀಜ ನೀರಿಗೆ ಹಾಕಿ ಹತ್ತು ನಿಮಿಷ ಬಿಡಿ. ಸಾಸಿವೆಗಿಂತ ಸಣ್ಣ ಕರಿ ಬೀಜದ ಸುತ್ತ ಬೂದುಬಣ್ಣದ ಲೋಳೆ ಊದ್ಕೊಂಡಿರುತ್ತೆ, ಎರಡು ಬೆರಳ ಮಧ್ಯೆ ಹಿಡಿಯಕ್ಕೆ ಹೋದ್ರೆ ಮೀನಿನ ಥರ ನುಸುಳ್ಕೊಂಡ್ ಹೋಗುತ್ತೆ. ಒತ್ತಿದ್ರೆ ಚಪ್ಪಟೆ ಆಗುತ್ತೆ, ನೀರು ಮಾತ್ರ ಸುಲಭಕ್ಕೆ ಬಿಟ್ಕೊಡಲ್ಲ. ಇದೇ ಸ್ವಭಾವದ, ಕಣ್ಣಿಗೇ ಕಾಣದಷ್ಟು ಸಣ್ಣ ಉಂಡೆಗಳು ಅಂದ್ಕೊಳ್ಳಿ, ಅದೇ ಮೈಕ್ರೋಜೆಲ್. ಒಳಗೆ ಬೀಜದ ಬದಲು ಹಾಲಿನ ಪ್ರೋಟೀನೋ ಆಲೂಗಡ್ಡೆ ಪ್ರೋಟೀನೋ, ಮೇಲೆ ಲೋಳೆಯ ಹೊದಿಕೆ. ನಾಲಿಗೆಗೂ ಅಂಗುಳಕ್ಕೂ ಮಧ್ಯೆ ಇವು ಸೇರ್ಕೊಂಡು ಸೈಕಲ್ ಬೇರಿಂಗಿನ ಗುಂಡಿನ ಥರ ಎರಡನ್ನೂ ದೂರ ಇಡುತ್ವೆ, ಆದ್ರೆ ಮೆತ್ತಗಿರೋ ಗುಂಡು. ಮೆತ್ತಗಿರೋದೇ ಇಲ್ಲಿ ಮುಖ್ಯ, ಗಟ್ಟಿ ಆಗಿದ್ರೆ ಸರಿಯಾಗಿ ಜರಡಿ ಹಿಡೀದ ರಾಗಿಹಿಟ್ಟಿನಂಗೆ ಬಾಯಲ್ಲಿ ಮರಳು ಮರಳು ಅನ್ನಿಸೋದು.

ಹಾಲಿನ ಪ್ರೋಟೀನನ್ನ ಹಿಂಗೆ ಪುಟ್ಟ ಕಣ ಮಾಡಿ ಬೆಣ್ಣೆಯ ನುಣುಪು ತರೋ ಉಪಾಯ ಹಳೇದೇ, ಕೊಬ್ಬಿನ ಬದಲು ಐಸ್‌ಕ್ರೀಮಿಗೆ ಹಾಕೋ ಸಿಂಪ್ಲೆಸ್ ಅನ್ನೋದಕ್ಕೆ ಅಮೆರಿಕದ ಆಹಾರ, ಔಷಧ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಡಿಎ 1990ರಲ್ಲೇ ಒಪ್ಪಿಗೆ ಕೊಟ್ಟಿತ್ತು.

ಲೀಡ್ಸಿನೋರ ಲೆಕ್ಕದಲ್ಲಿ ಅವ್ರ ಮೈಕ್ರೋಜೆಲ್ ಎಂಜಲು ಅಂಗಡಿ ಜೆಲ್‌ಗಳಿಗಿಂತ ನಾಲ್ಕೈದು ಪಟ್ಟು ಚೆನ್ನಾಗಿ ಕೆಲಸ ಮಾಡ್ತು, ಆದ್ರೆ ಅದು ಲ್ಯಾಬಲ್ಲಿ ನಾಲಿಗೆಯಂಥ ಕೃತಕ ಮೇಲ್ಮೈ ಇಟ್ಟು ತೆಗೆದ ಲೆಕ್ಕ, ಯಾರೋ ಅಜ್ಜಿ ಬಾಯಲ್ಲಿ ಅಲ್ಲ. ಹಂಗಾಗಿ ಅದನ್ನೇ ಕಾಯ್ತಾ ಕೂರ್ಬೇಡಿ. ಮೊದಲು ಅತ್ತೆಯವ್ರ ಮಾತ್ರೆ ಚೀಟಿ ತಗೊಂಡ್ ಹೋಗಿ ಡಾಕ್ಟ್ರಿಗೆ ತೋರಿಸಿ, ಅಲರ್ಜಿ ಮಾತ್ರೆ, ಖಿನ್ನತೆ ಮಾತ್ರೆ, ಇಂಥವು ಎಷ್ಟೋ ಜನಕ್ಕೆ ಬಾಯಿ ಒಣಗಿಸುತ್ವೆ. ನೀವೇ ನಿಲ್ಲಿಸ್ಬೇಡಿ, ಬದಲಾಯಿಸೋದು ಅವ್ರ ಕೆಲಸ. ನುಂಗೋವಾಗ ಕೆಮ್ಮು ಬರುತ್ತಾ, ಗಂಟಲಲ್ಲೇ ನಿಂತಂಗೆ ಆಗುತ್ತಾ ಅಂತಾನೂ ಹೇಳಿ, ಅದು ಬರೀ ಎಂಜಲಿನ ವಿಷಯ ಅಲ್ದೇ ಇರ್ಬೋದು. ಅಲ್ಲೀವರೆಗೂ ಮುದ್ದೆ ಮೆತ್ತಗೆ ಮಾಡಿ, ತುತ್ತು ಚಿಕ್ಕದಿರ್ಲಿ, ಸಾರು ಜಾಸ್ತಿ ಇರ್ಲಿ. ಬಾಯಿ ಒಣಗುತ್ತೆ ಅಂತ ಪೆಪ್ಪರ್‌ಮಿಂಟು ಚೀಪೋ ಅಭ್ಯಾಸ ಇದ್ರೆ ಬಿಡಿಸಿ, ಎಂಜಲಿಲ್ಲದ ಬಾಯಲ್ಲಿ ಸಕ್ಕರೆ ಹಲ್ಲನ್ನ ಬೇಗ ತಿಂದುಹಾಕುತ್ತೆ. ಇನ್ನೊಂದು, ಕಾಮಕಸ್ತೂರಿ ನಾನು ನೋಡಕ್ಕೆ ಹೇಳಿದ್ದು, ನುಂಗೋದು ಕಷ್ಟ ಇರೋರಿಗೆ ಕೊಡಕ್ಕಲ್ಲ. ನೆನೆಸ್ದೇ ಇರೋದಂತೂ ಬೇಡವೇ ಬೇಡ, ಗಂಟಲಲ್ಲೇ ಊದ್ಕೊಂಡ್ರೆ ಕಷ್ಟ.

ಪ್ರಶ್ನೆ: ಮನೆಯ ಲೋಳೆಸರದ ತಿರುಳು ಮುಖಕ್ಕೆ ಹಚ್ಚಿದ್ರೆ ಮೊದಲು ಜಾರುತ್ತೆ, ಐದು ನಿಮಿಷಕ್ಕೆ ಚರ್ಮ ಬಿಗಿಯುತ್ತೆ. ಕೆಟ್ಟೋಗಿದೆಯಾ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಕೆಟ್ಟಿಲ್ಲ ಕಣಮ್ಮ, ಒಣಗಿದೆ. ಲೋಳೆಸರ ಬಹುಪಾಲು ನೀರು, ನೀರು ಆರಿದ ಮೇಲೆ ಉಳಿಯೋ ಲೋಳೆಯ ಎಳೆಗಳು ಗೋಂದಿನ ಥರ ಚರ್ಮಕ್ಕೆ ಹಿಡ್ಕೊಳ್ಳುತ್ವೆ. ಕೊರೊನಾ ಟೈಮಲ್ಲಿ ಸ್ಯಾನಿಟೈಸರ್ ಜೆಲ್ ತಿಕ್ಕಿ ತಿಕ್ಕಿ ಕೊನೆಗೆ ಕೈಯಲ್ಲಿ ಬಿಳೀ ಹೊಟ್ಟು ಉದುರ್ತಿತ್ತಲ್ಲ, ನೆನಪಿದೆಯಾ? ಅಂಥ ಎಷ್ಟೋ ಜೆಲ್‌ಗಳಲ್ಲಿ ಇರೋದು ಕಾರ್ಬೋಮರ್, ಅದೂ ಊದಿದ ಜೆಲ್ ಕಣಗಳ ರಾಶಿನೇ, ಗಿಡದ್ದಲ್ಲ ಕಾರ್ಖಾನೆದು ಅಷ್ಟೆ. ನೀರಿರೋವರೆಗೂ ಜಾರುತ್ತೆ, ನೀರು ಹೋದ್ರೆ ಅಂಟುತ್ತೆ. ವ್ಯಾಸಲೀನಲ್ಲಿ ಆರಕ್ಕೆ ನೀರೇ ಇಲ್ಲ, ಅದಕ್ಕೇ ಅದು ಬಿಗಿಯಲ್ಲ. ನೀವು ಹಚ್ಚಿದ್ದು ಪೂರ್ತಿ ಆರೋಕೆ ಮುಂಚೆ ತೊಳ್ಕೊಳ್ಳಿ, ಇಲ್ಲ ಅದರ ಮೇಲೆ ತೆಳ್ಳಗೆ ಕೊಬ್ರಿಎಣ್ಣೆ ಸವರಿ. ಆದ್ರೆ ತಿರುಳು ತೆಗೆಯೋವಾಗ ಎಲೆ ಕತ್ತರಿಸಿದ ಕಡೆ ಹಳದಿ ರಸ ಸೋರುತ್ತಲ್ಲ, ಅದನ್ನ ಬಸಿಯಕ್ಕೆ ಬಿಟ್ಟು ತೊಳೆದು ತಗೊಳ್ಳಿ, ಉರಿ ಬರೋದು ಹೆಚ್ಚಾಗಿ ಅದರಿಂದಾನೇ.