ಎಲುಬು ಕೈಯಲ್ಲಿದೆ, ಎಡವೋ ಬಲವೋ?

ಪ್ರಶ್ನೆ: ದೇರಳಕಟ್ಟೆಯಲ್ಲಿ ಫಿಸಿಯೋಥೆರಪಿ ಮೊದಲ ವರ್ಷದಲ್ಲಿದ್ದೇನೆ. 206 ಎಲುಬುಗಳ ಹೆಸರು ಬಾಯಿಪಾಠ ಉಂಟು. ಆದರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಒಂದು ಎಲುಬು ಕೈಗೆ ಕೊಟ್ಟು ‘ಯಾವ ಬದಿಯದ್ದು?’ ಎಂದರೆ ತಡಬಡಾಯಿಸುತ್ತೇನೆ. ಹೇಗೆ ಕಲಿಯುವುದು?

ಉತ್ತರ: ಪಟ್ಟಿಯನ್ನು ಸದ್ಯಕ್ಕೆ ಬದಿಗಿಡಿ. 206ರಲ್ಲಿ 106 ಎಲುಬುಗಳಿರುವುದು ಎರಡು ಹಸ್ತ, ಎರಡು ಪಾದಗಳಲ್ಲೇ. ಅವು ಕೊನೆಗಿರಲಿ. ತೋಳಿನ ಹ್ಯೂಮರಸ್, ಮುಂಗೈಯ ರೇಡಿಯಸ್ (ಹೆಬ್ಬೆರಳ ಬದಿ) ಮತ್ತು ಅಲ್ನಾ (ಕಿರುಬೆರಳ ಬದಿ), ತೊಡೆಯ ಫೀಮರ್, ಮೊಣಕಾಲ ಕೆಳಗಿನ ಟಿಬಿಯಾ (ಒಳಬದಿ) ಮತ್ತು ಫಿಬುಲಾ (ಹೊರಬದಿ), ಜೊತೆಗೆ ಕ್ಲಾವಿಕಲ್ (ಕೊರಳೆಲುಬು) ಮತ್ತು ಸ್ಕ್ಯಾಪುಲಾ (ಹೆಗಲ ಹಲಗೆ) ಮೊದಲು ಗಟ್ಟಿಯಾಗಲಿ.

ಎಲುಬು ಕೈಗೆ ಬಂದೊಡನೆ ಮೂರು ಸಂಗತಿ ಹುಡುಕಿ: ಮೇಲಿನ ತುದಿ ಯಾವುದು, ಮುಂಭಾಗ ಯಾವುದು, ಮೈಯ ನಡುಗೆರೆಯತ್ತ ನೋಡುವ ಮಗ್ಗುಲು ಯಾವುದು. ಇವು ಸಿಕ್ಕಿದರೆ ಎಡವೋ ಬಲವೋ ಎಂದು ಊಹಿಸುವ ಕೆಲಸವೇ ಇಲ್ಲ. ಫೀಮರಿನ ಉರುಟು ತಲೆ ಮೇಲೆ, ಒಳಮುಖವಾಗಿ. ಉದ್ದಕ್ಕೂ ಓಡುವ ಒರಟು ಏಣು, ಲೀನಿಯಾ ಆಸ್ಪೆರಾ, ಹಿಂದೆ. ಹಾಗೆ ಹಿಡಿದು ನಿಮ್ಮದೇ ತೊಡೆಗೆ ತಾಗಿಸಿ ನೋಡಿ. ಕೆಳತುದಿಯ ಎರಡೂ ಉರುಟು ಗುಬ್ಬಿಗಳು, ಅಂದರೆ ಕಾಂಡೈಲ್‌ಗಳು, ಮೇಜಿಗೆ ಕೂರುವಂತೆ ನಿಲ್ಲಿಸಿದರೆ ಕಾಂಡ ಮೇಲೆ ಹೋದಂತೆ ಹೊರಕ್ಕೆ ವಾಲುತ್ತದೆ. ಕಂಬದಂತೆ ನೆಟ್ಟಗೆ ಹಿಡಿದು ತೋರಿಸಿದರೆ ಪರೀಕ್ಷಕರಿಂದ ಮುಂದಿನ ಪ್ರಶ್ನೆ ಖಂಡಿತ.

ಹ್ಯೂಮರಸ್ ಸುಲಭ: ತಲೆ ಮೇಲೆ, ಒಳಕ್ಕೆ, ಕೆಳತುದಿಯ ಆಳದ ಗುಳಿ ಹಿಂದಕ್ಕೆ. ಎಡವಟ್ಟಾಗುವುದು ಅಲ್ನಾದಲ್ಲಿ. ‘ಹೆಡ್’ ಎಂದರೆ ಮೇಲಿರಬೇಕು ಎಂದುಕೊಂಡು ತಲೆಕೆಳಗಾಗಿ ಹಿಡಿಯುತ್ತಾರೆ. ಅಲ್ನಾದ ಹೆಡ್ ಇರುವುದು ಮಣಿಕಟ್ಟಿನಲ್ಲಿ. ಸ್ಪ್ಯಾನರ್ ಬಾಯಿಯಂಥ ದೊಡ್ಡ ತುದಿ ಮೊಣಕೈಗೆ. ಬಾಯಿ ಮುಂದಕ್ಕೆ, ಅದರ ಪಕ್ಕದ ಸಣ್ಣ ತಗ್ಗು ಹೆಬ್ಬೆರಳ ಬದಿಗೆ. ರೇಡಿಯಸ್ ಇದಕ್ಕೆ ತದ್ವಿರುದ್ಧ: ಬಿಲ್ಲೆಯಾಕಾರದ ಹೆಡ್ ಮೊಣಕೈಯಲ್ಲಿ, ಅಗಲ ತುದಿ ಮಣಿಕಟ್ಟಿನಲ್ಲಿ.

ಕ್ಲಾವಿಕಲ್‌ನ ಚಪ್ಪಟೆ ತುದಿ ಹೆಗಲಿಗೆ, ದಪ್ಪ ತುದಿ ಎದೆಮೂಳೆಗೆ, ತೋಡು ಇರುವ ಮೈ ಕೆಳಗೆ. ಎದೆಮೂಳೆಯ ಕಡೆಯ ಉಬ್ಬು ಮುಂದಕ್ಕೆ ಬಾಗಿರಬೇಕು. ಫಿಬುಲಾದಲ್ಲಿ ಕೆಳತುದಿಯನ್ನೇ ನಂಬಿ: ನುಣುಪು ಮುಖ ಒಳಗೆ, ಅದರ ಹಿಂದೆ ಗುಳಿ.

ಹಾಸ್ಟೆಲಿನಲ್ಲಿ ಎಲುಬಿನ ಸೆಟ್ ಇಲ್ಲದಿದ್ದರೆ ನಿಮ್ಮ ಮೈಯೇ ಉಂಟಲ್ಲ. ಮೊಣಕೈ ಮೊನೆಯಿಂದ ಕಿರುಬೆರಳ ಬದಿಯಲ್ಲಿ ಬೆರಳು ಜಾರಿಸಿ, ಚರ್ಮದಡಿಯಲ್ಲೇ ಸಿಗುವ ಏಣು ಅಲ್ನಾ. ನಾಡಿ ಹಿಡಿಯುವಲ್ಲಿ ಬೆರಳಿನಡಿ ಗಟ್ಟಿಯಾಗಿ ತಾಗುವುದು ರೇಡಿಯಸ್. ಪಾದದ ಗಂಟಿನ ಒಳಬದಿಯ ಉಬ್ಬು ಟಿಬಿಯಾದ್ದು, ಹೊರಬದಿಯದ್ದು ಫಿಬುಲಾದ್ದು. ಸೊಂಟದ ಎರಡೂ ಏಣುಗಳ ಮೇಲಂಚನ್ನು ಜೋಡಿಸುವ ಗೆರೆ ಬೆನ್ನಿನಲ್ಲಿ ಸುಮಾರಾಗಿ ನಾಲ್ಕನೇ ಲಂಬಾರ್ ಕಶೇರುಕವನ್ನು (ಸೊಂಟಭಾಗದ ಬೆನ್ನೆಲುಬಿನ ಮಣಿಯನ್ನು) ದಾಟುತ್ತದೆ. ಬೆನ್ನಿನಿಂದ ನೀರು ತೆಗೆಯುವ ವೈದ್ಯರೂ ಇದೇ ಗೆರೆಯನ್ನು ಗುರುತು ಹಿಡಿಯುತ್ತಾರೆ. ಬಿಡುವಾದಾಗ ಮಣಿಪಾಲದ ಅನಾಟಮಿ ಮ್ಯೂಸಿಯಂ ನೋಡಿ ಬನ್ನಿ, ಅಲ್ಲಿ ಸಾರ್ವಜನಿಕರಿಗೂ ಪ್ರವೇಶವಿದೆ.

ಪ್ರಶ್ನೆ: ಬ್ರಹ್ಮಾವರದಿಂದ ಬರೆಯುತ್ತಿದ್ದೇನೆ. 22 ವರ್ಷದ ಮಗ ಅಂಗಳದ ಪಾಚಿಯಲ್ಲಿ ಜಾರಿ ಕೈಯೂರಿ ಬಿದ್ದ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದರು. ವಾರವಾದರೂ ಹೆಬ್ಬೆರಳ ಬುಡದ ನೋವು ಹೋಗಿಲ್ಲ.

ಉತ್ತರ: ಹೆಬ್ಬೆರಳನ್ನು ಹಿಂದಕ್ಕೆ ಚಾಚಿದಾಗ ಮಣಿಕಟ್ಟಿನ ಬಳಿ ಎರಡು ನರದಂಥ ಹುರಿಗಳ ನಡುವೆ ಕುಳಿ ಬೀಳುತ್ತದೆ. ಅಲ್ಲಿ ಒತ್ತಿದರೆ ನೋವೇ? ಹಾಗಿದ್ದರೆ ಸ್ಕೇಫಾಯ್ಡ್ ಬಿರುಕು ಬಿಟ್ಟಿರಬಹುದು. ಮಣಿಕಟ್ಟಿನ ಎಂಟು ಸಣ್ಣ ಎಲುಬುಗಳಲ್ಲಿ ಹೆಚ್ಚಾಗಿ ಮುರಿಯುವುದು ಅದೇ. ಕೂದಲೆಳೆಯ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದಿರುವುದು ಅಪರೂಪವೇನಲ್ಲ. ಆದ್ದರಿಂದ ಸಂಶಯವಿದ್ದರೆ ಪಟ್ಟಿ ಕಟ್ಟಿ, 10–14 ದಿನಕ್ಕೆ ಮತ್ತೆ ಎಕ್ಸ್‌ರೇ ತೆಗೆಯುತ್ತಾರೆ, ಇಲ್ಲವೇ ಎಂಆರ್‌ಐ ಮಾಡಿಸುತ್ತಾರೆ. ಈ ಎಲುಬಿಗೆ ರಕ್ತ ಹೆಚ್ಚಾಗಿ ಬೆರಳುಗಳ ಕಡೆಯ ತುದಿಯಿಂದ ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ತಪ್ಪಿ ಅದು ಕೂಡದೆ ಉಳಿಯಬಹುದು, ಸತ್ತೇ ಹೋಗಬಹುದು. ಎಣ್ಣೆ ಹಚ್ಚಿ ತಿಕ್ಕಿಸುವುದನ್ನು ಇವತ್ತೇ ನಿಲ್ಲಿಸಿ, ಎಲುಬಿನ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಹುಟ್ಟಿದ ಮಗುವಿಗೆ ನಮಗಿಂತ ಹೆಚ್ಚು ಎಲುಬು ಎನ್ನುತ್ತಾರೆ. ಮಿಕ್ಕದ್ದು ಎಲ್ಲಿಗೆ ಹೋಗುತ್ತದೆ? (ಓದುಗರು, ಕಾರ್ಕಳ)

ಉತ್ತರ: ಎಲ್ಲಿಗೂ ಹೋಗುವುದಿಲ್ಲ, ಬೆಸೆದುಕೊಳ್ಳುತ್ತವೆ. ಹುಟ್ಟುವಾಗ ಸುಮಾರು 300 ತುಂಡುಗಳು, ಹಲವು ಇನ್ನೂ ಮೆದು. ಬೆನ್ನಿನ ಬುಡದ ಐದು ಕೂಡಿ ಒಂದು ಸೇಕ್ರಮ್. ಸೊಂಟದ ಒಂದೊಂದು ಬದಿಯಲ್ಲಿ ಮೂರು ಕೂಡಿ ಒಂದು. ಮಗುವಿನ ನೆತ್ತಿ ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚುತ್ತದೆ. ಎಲ್ಲಕ್ಕಿಂತ ತಡ ಮಾಡುವುದು ಕ್ಲಾವಿಕಲ್‌ನ ಎದೆಕಡೆಯ ತುದಿ, ಅದು ಪೂರ್ತಿ ಬೆಸೆಯುವಾಗ ವಯಸ್ಸು 25ರ ಆಸುಪಾಸು.