ಬೊಜ್ಜಿನಿಂದ ಮಿದುಳಿನ ಸುತ್ತಲ ದ್ರವದ ಒತ್ತಡ ಏರಿದ್ದರೆ ಉರಿಯೂತದ ಮಾತ್ರೆ ಸಾಕೇ?

ತೂಕ ಹೆಚ್ಚಿದ್ದರಿಂದ ತಲೆಯೊಳಗಿನ ದ್ರವದ ಒತ್ತಡ ಏರಿದೆ ಎಂದು ವೈದ್ಯರು ಹೇಳಿದ್ದಾರೆ, ಬೊಜ್ಜು ಎಂದರೆ ಉರಿಯೂತ ತಾನೇ, ಅದಕ್ಕೆ ಮಾತ್ರೆ ನುಂಗಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಈ ಒತ್ತಡ ಕಣ್ಣಿನ ನರವನ್ನು ಅಮುಕುವುದರಿಂದ ಇಲ್ಲಿ ಅಪಾಯದಲ್ಲಿರುವುದು ನಿಮ್ಮ ದೃಷ್ಟಿ.

ವಯಸ್ಕರಲ್ಲಿ ಈ ದ್ರವ ಒಂದು ಹೊತ್ತಿಗೆ ಇರುವುದು ಸುಮಾರು 150 ಮಿ.ಲೀ., ದಿನಕ್ಕೆ ಹೊಸದಾಗಿ ಉತ್ಪತ್ತಿಯಾಗುವುದು ಸುಮಾರು 500 ಮಿ.ಲೀ. ಮಿದುಳಿನ ಕುಹರಗಳೊಳಗಿನ ಕೊರಾಯ್ಡ್ ಪ್ಲೆಕ್ಸಸ್ ಎಂಬ ಅಂಗಾಂಶ ಅದನ್ನು ಸ್ರವಿಸುತ್ತದೆ. ಅಭಿಧಮನಿಗಳೂ ದುಗ್ಧನಾಳಗಳೂ ಹೀರಿಕೊಳ್ಳುತ್ತವೆ. ಸ್ರವಿಸುವುದು ಹೆಚ್ಚಿದರೂ ಹೀರುವುದು ತಗ್ಗಿದರೂ ಒತ್ತಡ ಏರುತ್ತದೆ.

ಹೊಟ್ಟೆಯ ಕೊಬ್ಬು ಎದೆಗೂಡಿನ ಒತ್ತಡ ಹೆಚ್ಚಿಸಿ, ತಲೆಯಿಂದ ರಕ್ತ ಇಳಿದುಬರುವುದಕ್ಕೆ ತಡೆಯಾಗುತ್ತದೆ ಎಂಬುದು ಹಳೆಯ ವಿವರಣೆ. ಅದಿಷ್ಟೇ ಆಗಿದ್ದರೆ ದೊಡ್ಡ ಹೊಟ್ಟೆಯ ಗಂಡಸರಲ್ಲೂ ಇದು ಅಷ್ಟೇ ಕಾಣಬೇಕಿತ್ತು. ಕಾಣುವುದು ಬಹುತೇಕ ಹೆರುವ ವಯಸ್ಸಿನ ಹೆಂಗಸರಲ್ಲಿ, ಅದರಲ್ಲೂ ಇತ್ತೀಚೆಗೆ ತೂಕ ಏರಿದವರಲ್ಲಿ. ಹಾಗಾಗಿ ಕೊಬ್ಬಿನ ರಾಸಾಯನಿಕ ಕೆಲಸವೇ ಮುಖ್ಯ ಎಂದು ನನ್ನ ಅಭಿಪ್ರಾಯ. ಈ ರೋಗಿಗಳ ದ್ರವದಲ್ಲಿ ಟೆಸ್ಟೋಸ್ಟಿರಾನ್ ಹಾರ್ಮೋನು ಹೆಚ್ಚಿರುವುದು ಕಂಡುಬಂದಿದೆ. ಕೊಬ್ಬಿನ ಅಂಗಾಂಶ ಟಿಎನ್‌ಎಫ್, ಐಎಲ್-6ನಂಥ ಉರಿಯೂತದ ಸಂಕೇತಗಳನ್ನೂ ಬಿಡುತ್ತದೆ. ಮಿದುಳಿನಲ್ಲಿ ರಕ್ತಸ್ರಾವ ಮಾಡಿಸಿದ ಇಲಿಗಳಲ್ಲಿ, ಕೊರಾಯ್ಡ್ ಪ್ಲೆಕ್ಸಸ್‌ನ ಉರಿಯೂತವು ಎನ್‌ಕೆಸಿಸಿ1 ಎಂಬ ಲವಣ ಸಾಗಿಸುವ ಪ್ರೋಟೀನನ್ನು ಚುರುಕುಗೊಳಿಸಿ ಸ್ರಾವ ಹೆಚ್ಚಿಸಿದ್ದು ಸ್ಪಷ್ಟವಾಗಿದೆ. ಬೊಜ್ಜಿನ ರೋಗಿಗಳಲ್ಲಿ ಮಾತ್ರ ಉರಿಯೂತದ ಅಳತೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಹಾಗಾಗಿ ಉರಿಯೂತ ಹಲವು ಕಾರಣಗಳಲ್ಲಿ ಒಂದಾಗಿರಬಹುದು, ಅಷ್ಟೇ.

ಉರಿಯೂತ ತಗ್ಗಿಸುವ ಐಬುಪ್ರೊಫೆನ್ ಮಾತ್ರೆ ಈ ಒತ್ತಡಕ್ಕೆ ಚಿಕಿತ್ಸೆಯಲ್ಲ. ತಿಂಗಳಿಗೆ 15 ದಿನ ಅಥವಾ ಹೆಚ್ಚು ನುಂಗುತ್ತಾ ಹೋದರೆ ಮಾತ್ರೆಯಿಂದಲೇ ತಲೆನೋವು ಶುರುವಾಗಬಹುದು. ಸ್ಟೆರಾಯ್ಡ್ ತೂಕ ಏರಿಸುತ್ತದೆ, ನಿಲ್ಲಿಸಿದಾಗ ಒತ್ತಡ ಮತ್ತೆ ಜಿಗಿಯಬಹುದು. ಬೆನ್ನಿನಿಂದ 30 ಮಿ.ಲೀ. ದ್ರವ ತೆಗೆಸಿದರೂ ದೇಹ ಅದನ್ನು ಒಂದೂವರೆ ಗಂಟೆಯಲ್ಲಿ ಮತ್ತೆ ತುಂಬಿಸುತ್ತದೆ.

ಮೂಲಕ್ಕೆ ತಾಗುವುದು ತೂಕ ಇಳಿಸುವುದೇ. ಶೇ. 5ರಿಂದ 10 ಇಳಿದರೂ ಹಲವರಿಗೆ ಆರಾಮ ಸಿಗುತ್ತದೆ. ಕಾಯಿಲೆ ಹಿಮ್ಮೆಟ್ಟಲು ಶೇ. 15, ಕೆಲವರಿಗೆ ಅದಕ್ಕಿಂತ ಹೆಚ್ಚು ಬೇಕು. ಅಂದರೆ 90 ಕೆ.ಜಿ. ಇರುವವರು 13.5 ಕೆ.ಜಿ. ಇಳಿಸಬೇಕು. ಇದು ಸುಲಭವಲ್ಲ, ಆಗದಿದ್ದರೆ ಅದು ಸೋಮಾರಿತನವೂ ಅಲ್ಲ. 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ತೂಕ ಇಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಪಡೆದವರ ಒತ್ತಡ, ಪಥ್ಯದ ಕಾರ್ಯಕ್ರಮಕ್ಕೆ ಹೋದವರಿಗಿಂತ ಹೆಚ್ಚು ಇಳಿಯಿತು. ಅಲ್ಲಿಯವರೆಗೆ ಕಣ್ಣು ಕಾಯಲು ಅಸೆಟಜೋಲಮೈಡ್ ಎಂಬ ಔಷಧ ಕೊಡುತ್ತಾರೆ. ಅದು ಸ್ರಾವವನ್ನೇ ತಗ್ಗಿಸುತ್ತದೆ. ಬೆರಳು ಜುಮ್ಮೆನ್ನುವುದು ಸಾಮಾನ್ಯ, ಹೆದರಿ ನಿಲ್ಲಿಸಬೇಡಿ; ಮೂತ್ರಪಿಂಡದ ಕಲ್ಲು ಇದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ.

ರೋಗನಿರ್ಣಯ ಹೇಗಾಯಿತು ಎಂದೂ ಕೇಳಿ. ಮಗ್ಗುಲಾಗಿ ಮಲಗಿ, ಕಾಲು ಚಾಚಿ, ಬೆನ್ನಿಗೆ ಸೂಜಿ ಹಾಕಿ ಅಳೆದಾಗ ದ್ರವದ ಒತ್ತಡ 25 ಸೆಂ.ಮೀ. (ನೀರಿನ ಎತ್ತರದ ಲೆಕ್ಕದಲ್ಲಿ) ಅಥವಾ ಹೆಚ್ಚಿರಬೇಕು, ಕುಳಿತು ತೆಗೆದ ಅಂಕಿ ಲೆಕ್ಕಕ್ಕಿಲ್ಲ. ಎಂಆರ್‌ಐ ಜೊತೆ ವೆನೋಗ್ರಫಿ, ಅಂದರೆ ಅಭಿಧಮನಿಗಳ ಚಿತ್ರಣವೂ ಆಗಿರಲೇಬೇಕು, ಏಕೆಂದರೆ ಮಿದುಳಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತವೂ ಇದೇ ಲಕ್ಷಣ ತೋರಿಸುತ್ತದೆ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್, ಮಿನೊಸೈಕ್ಲಿನ್, ಐಸೊಟ್ರೆಟಿನಾಯಿನ್, ವಿಟಮಿನ್ ಎ ಗುಳಿಗೆ ಇವುಗಳೂ ಒತ್ತಡ ಏರಿಸಬಲ್ಲವು, ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ.

ಬಗ್ಗಿದಾಗ ಕ್ಷಣಕಾಲ ಕತ್ತಲೆ ಕವಿಯುವುದು, ನಾಡಿಯ ಲಯದಲ್ಲಿ ಕಿವಿ ಮೊರೆಯುವುದು, ಒಂದು ವಸ್ತು ಎರಡಾಗಿ ಕಾಣುವುದು ಇವು ಈ ಕಾಯಿಲೆಯ ಗುರುತುಗಳು. ತಲೆನೋವು ತಗ್ಗಿದರೂ ದೃಷ್ಟಿಕ್ಷೇತ್ರದ ಪರೀಕ್ಷೆ ತಪ್ಪಿಸಬೇಡಿ, ಅಂಚಿನ ನೋಟ ಮೊದಲು ಹೋಗುವುದರಿಂದ ನಿಮಗೇ ತಿಳಿಯುವುದಿಲ್ಲ. ದೃಷ್ಟಿ ದಿನದಿಂದ ದಿನಕ್ಕೆ ಮಸುಕಾಗುತ್ತಿದ್ದರೆ ಮುಂದಿನ ಭೇಟಿಯ ತಾರೀಕಿಗೆ ಕಾಯದೆ ಅಂದೇ ತುರ್ತು ವಿಭಾಗಕ್ಕೆ ಹೋಗಿ.