ಉಡುಪಿಯಲ್ಲಿ ವಿಶೇಷ ಮಕ್ಕಳ ಡೇ ಕೇರ್ ತೆರೆಯಲು ಟ್ರಸ್ಟ್ ನೋಂದಣಿಯಷ್ಟೇ ಸಾಕೇ?

ಸಾಲದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 50ನೇ ಕಲಂ ಪ್ರಕಾರ, ಪ್ರತ್ಯೇಕ ನೋಂದಣಿ ಪ್ರಮಾಣಪತ್ರವಿಲ್ಲದೆ ಖಾಸಗಿಯವರು ಇಂಥ ಸಂಸ್ಥೆ ನಡೆಸುವಂತಿಲ್ಲ. ಮೊದಲ ಉಲ್ಲಂಘನೆಗೇ 10,000 ರೂಪಾಯಿವರೆಗೆ ದಂಡವಿದೆ. ಮಣಿಪಾಲದ ರಜತಾದ್ರಿಯಲ್ಲಿ (ಜಿಲ್ಲಾಡಳಿತದ ಕಚೇರಿ ಸಂಕೀರ್ಣ) ಇರುವ ಜಿಲ್ಲಾ ವಿಕಲಚೇತನರ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಅರ್ಜಿ ಸೇರಿದ 90 ದಿನಗಳೊಳಗೆ ತೀರ್ಮಾನ ಆಗಬೇಕು. ತಿರಸ್ಕರಿಸುವ ಮೊದಲು ನಿಮ್ಮ ಮಾತು ಕೇಳಲೇಬೇಕು.

ಕಾಗದಕ್ಕಿಂತ ಕಟ್ಟಡದ ಬಗ್ಗೆ ನನಗೆ ಹೆಚ್ಚು ಚಿಂತೆ. ಬಾಡಿಗೆಗೆ ಸಿಗುವ ಹಳೆಯ ಮನೆಗಳಲ್ಲಿ ಹೊಸ್ತಿಲು ಎತ್ತರ, ಬಚ್ಚಲಿನ ಬಾಗಿಲು ಕಿರಿದು, ಗಾಲಿಕುರ್ಚಿ ಒಳಗೇ ಹೋಗದು. ಇಳಿಜಾರು ದಾರಿ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದವಾದರೂ ಇರಲಿ. ನಮ್ಮ ಮಳೆಗೆ ಜೂನ್ ಮುಗಿಯುವುದರೊಳಗೆ ಸಿಮೆಂಟಿನ ಮೇಲೆ ಪಾಚಿ ಕಟ್ಟುತ್ತದೆ. ಹಾಗಾಗಿ ಮೇಲೆ ಚಾವಣಿ, ಎರಡೂ ಬದಿ ಹಿಡಿದುಕೊಳ್ಳಲು ಕಂಬಿ, ಒರಟು ನೆಲ ಬೇಕೇ ಬೇಕು. ಮಗು ಜಾರಿ ಬಿದ್ದ ಮೇಲೆ ಸರಿಪಡಿಸುವ ಕೆಲಸ ಇದಲ್ಲ.

ವಿಶೇಷ ಶಿಕ್ಷಕರು, ಸ್ಪೀಚ್ ಥೆರಪಿಸ್ಟ್‌ಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ನೋಡಿಯೇ ನೇಮಿಸಿಕೊಳ್ಳಿ. ಸಂಸ್ಥೆಯ ನೋಂದಣಿ ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಿ. ಅವಧಿ ಮುಗಿಯಲು ಕನಿಷ್ಠ 60 ದಿನ ಇರುವಾಗಲೇ ನವೀಕರಣದ ಅರ್ಜಿ ಕೊಡಿ.